ಖಾದಿವ್ರತಿ ಹರ್ಡೇಕರ ಮಂಜಪ್ಪನವರು

1886ರಲ್ಲಿ ಬನವಾಸಿಯಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಶಿಕ್ಷಕವೃತ್ತಿಯನ್ನು ತ್ಯಜಿಸಿ, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. 1913ರಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಬಸವ ಜಯಂತ್ಯುತ್ಸವವನ್ನು ಆರಂಭಿಸಿದುದು ಸರ್ವವಿದಿತ. ಅವರ ವಸ್ತ್ರನಿಷ್ಠೆಯನ್ನು ಮಾತ್ರ ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಆಜನ್ಮ ಬ್ರಹ್ಮಚಾರಿಗಳಾದ ಅವರು ಖಾದಿಯನ್ನೇ ಉಟ್ಟು, ಖಾದಿಯನ್ನೇ ಬೋಧಿಸಿದರು. ಅವರನ್ನು ಪ್ರೇರಿಸಿದುದು ಸ್ವದೇಶಿವ್ರತ; ಪರಿಸರವೆಂಬ ಮಾತು ಅಂದಿನ ಚರ್ಚೆಯಲ್ಲಿರಲಿಲ್ಲ. ಆದರೂ ಹೊಲದ ಹತ್ತಿ, ಕೈಯ ರಾಟೆ, ಮನೆಯ ಮಗ್ಗ ಇಷ್ಟರಿಂದಲೇ ಸಿದ್ಧವಾಗುವ ಆ ಅರಿವೆಯ ನೂಲುವಿಕೆಗೂ ನೇಯ್ಗೆಗೂ ಕಲ್ಲಿದ್ದಲು ಬೇಡ; ಜೀರ್ಣವಾದರೆ ಮಣ್ಣಿನಲ್ಲಿ ಮಣ್ಣಾಗುವುದು. ಅವರೇ ಮೊದಲಿಟ್ಟ ಜಯಂತಿಯ ಮೆರವಣಿಗೆಯಲ್ಲಿ ನಾವಿಂದು ಹೊದಿಸುವ ಪಾಲಿಯೆಸ್ಟರ್ ಶಾಲುಗಳಾದರೋ (ಈ ಲೇಖಕನೂ ಹೊದ್ದವನೇ) ಖನಿಜತೈಲದಿಂದ ಹುಟ್ಟಿದವು, ಒಗೆದಾಗಲೆಲ್ಲ ಕರಗದ ಸೂಕ್ಷ್ಮ ಎಳೆಗಳನ್ನು ನೀರಿಗೆ ಬಿಡುವಂಥವು. ಆಲಮಟ್ಟಿಯ ಆಶ್ರಮದಲ್ಲಿ ಸೇವಾನಿರತರಾಗಿದ್ದ ಮಂಜಪ್ಪನವರು 1947ರ ಆರಂಭದಲ್ಲಿ, ಸ್ವಾತಂತ್ರ್ಯೋದಯಕ್ಕೆ ಕೆಲವೇ ತಿಂಗಳ ಮುನ್ನ ಲಿಂಗೈಕ್ಯರಾದರು.