ವ್ಯಾಸತೀರ್ಥ

ವ್ಯಾಸತೀರ್ಥರು (ಸು. 1460–1539) ದ್ವೈತ ವೇದಾಂತದ ಪ್ರಮುಖ ಆಚಾರ್ಯರು, ತಾರ್ಕಿಕರು ಹಾಗೂ ಹರಿದಾಸ ಪರಂಪರೆಯ ಕೀರ್ತನಕಾರರು. ವ್ಯಾಸರಾಯ, ವ್ಯಾಸರಾಜ ಎಂಬ ಹೆಸರುಗಳೂ ಅವರಿಗುಂಟು. 'ನ್ಯಾಯಾಮೃತ', 'ತಾತ್ಪರ್ಯಚಂದ್ರಿಕಾ' ಮತ್ತು 'ತರ್ಕತಾಂಡವ' ಎಂಬ ಮೂರು ಸಂಸ್ಕೃತ ಗ್ರಂಥಗಳು ಅವರ ಕೀರ್ತಿಗೆ ಮುಖ್ಯ ಆಧಾರ. ಇವುಗಳನ್ನು ಒಟ್ಟಾಗಿ 'ವ್ಯಾಸತ್ರಯ' ಎಂದು ಕರೆಯುವುದು ರೂಢಿ. ಮಧ್ವಾಚಾರ್ಯ, ಜಯತೀರ್ಥ ಮತ್ತು ವ್ಯಾಸತೀರ್ಥ ಈ ಮೂವರನ್ನು ದ್ವೈತ ಸಂಪ್ರದಾಯವು 'ಮುನಿತ್ರಯ' ಎಂದು ಗೌರವಿಸುತ್ತದೆ. ಎದುರಾಳಿಯ ವಾದವನ್ನು ಮೊದಲು ಪೂರ್ಣವಾಗಿ ನಿರೂಪಿಸಿ ಆಮೇಲೆ ಅದನ್ನು ನಿರಾಕರಿಸುವ ಖಂಡನ ಪದ್ಧತಿಯನ್ನು ಪ್ರೌಢಾವಸ್ಥೆಗೆ ತಂದವರಲ್ಲಿ ಅವರು ಅಗ್ರಗಣ್ಯರು. ಅವರ ಖಂಡನೆಗೆ ಬಂದ ಪ್ರತಿಖಂಡನೆ, ಅದಕ್ಕೆ ಬಂದ ಮರು ಉತ್ತರ ಹೀಗೆ ಬೆಳೆದ ಗ್ರಂಥಸರಣಿ ಭಾರತೀಯ ದರ್ಶನದ ಇತಿಹಾಸದಲ್ಲಿ ವಿಶಿಷ್ಟವಾದುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವ್ಯಾಸತೀರ್ಥರು ಇಂದಿನ ಮೈಸೂರು ಜಿಲ್ಲೆಯ ಬನ್ನೂರಿನಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಯತಿರಾಜ. ಚಿಕ್ಕ ವಯಸ್ಸಿನಲ್ಲಿಯೇ ಚನ್ನಪಟ್ಟಣದ ಸಮೀಪದ ಅಬ್ಬೂರಿನಲ್ಲಿದ್ದ ಬ್ರಹ್ಮಣ್ಯತೀರ್ಥರ ಬಳಿಗೆ ಬಂದು ಅವರಿಂದ ಸಂನ್ಯಾಸ ಸ್ವೀಕರಿಸಿದರು. 1475–76ರ ಸುಮಾರಿಗೆ ಭೀಕರ ಕ್ಷಾಮ ತಲೆದೋರಿದ ಸಂದರ್ಭದಲ್ಲಿ ಗುರುಗಳು ತೀರಿಕೊಂಡರು. ಪೀಠದ ಹೊಣೆ ತರುಣ ಯತಿಯ ಹೆಗಲಿಗೆ ಬಿತ್ತು.

ಅವರು ಪೀಠದಲ್ಲಿ ಕುಳಿತು ತೃಪ್ತರಾಗಲಿಲ್ಲ. ಕಂಚಿಗೆ ತೆರಳಿ ಅಲ್ಲಿನ ವಿದ್ವಾಂಸರಲ್ಲಿ ಷಡ್ದರ್ಶನಗಳನ್ನು ಅಭ್ಯಾಸ ಮಾಡಿದರು. ತಾವು ಮುಂದೆ ನಿರಾಕರಿಸಬೇಕಾಗಿದ್ದ ಮತಗಳನ್ನು ಆಯಾ ಮತದವರು ಬೋಧಿಸುವ ರೀತಿಯಲ್ಲಿಯೇ ಕಲಿತದ್ದು ಅವರ ಬರಹಕ್ಕೆ ವಿಶೇಷ ಬಲವನ್ನು ಕೊಟ್ಟಿತು. ಅನಂತರ ಮುಳುಬಾಗಿಲಿನ ಶ್ರೀಪಾದರಾಜರ ಸನ್ನಿಧಿಯಲ್ಲಿ ಹಲವು ವರ್ಷ ದ್ವೈತ ಶಾಸ್ತ್ರವನ್ನು ಅಧ್ಯಯನ ಮಾಡಿದರು. ಶ್ರೀಪಾದರಾಜರು ಶಾಸ್ತ್ರಜ್ಞರೂ ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದವರೂ ಆಗಿದ್ದರು. ಈ ಎರಡು ಧಾರೆಗಳೂ ಶಿಷ್ಯರಲ್ಲಿ ಮುಂದುವರಿದವು.

ಚಂದ್ರಗಿರಿ ಮತ್ತು ವಿಜಯನಗರ

ವಿದ್ಯಾಭ್ಯಾಸ ಮುಗಿದ ಬಳಿಕ ವ್ಯಾಸತೀರ್ಥರು ಸಾಳುವ ನರಸಿಂಹನ ಚಂದ್ರಗಿರಿಯ ಆಸ್ಥಾನಕ್ಕೆ ಹೋದರು. ಅಲ್ಲಿದ್ದ ಕಾಲದಲ್ಲಿ ಹನ್ನೆರಡು ವರ್ಷ ತಿರುಮಲೆಯ ವೆಂಕಟೇಶ್ವರನ ಪೂಜೆ ನಡೆಸಿದರೆಂದು ದ್ವೈತ ಸಂಪ್ರದಾಯ ಹೇಳುತ್ತದೆ. ಈ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವರಿಗೂ ತಿರುಮಲೆಗೂ ಇದ್ದ ಸಂಬಂಧವನ್ನು ಮಾತ್ರ ಅಲ್ಲಿನ ಶಾಸನಗಳು ದೃಢಪಡಿಸುತ್ತವೆ.

ಮುಂದೆ ಅವರು ವಿಜಯನಗರಕ್ಕೆ ಬಂದು ನೆಲೆಸಿದರು. ಕೃಷ್ಣದೇವರಾಯನ ಆಳ್ವಿಕೆಯಲ್ಲಿ (1509–1529) ಅವರಿಗೆ ದೊರೆತ ಗೌರವ ಅತ್ಯುನ್ನತವಾದುದು. ಅರಸನಿಗೆ ಬರಲಿದ್ದ ಕುಹಯೋಗವೆಂಬ ಅನಿಷ್ಟವನ್ನು ನಿವಾರಿಸಲು ಅವರು ಸ್ವಲ್ಪ ಹೊತ್ತು ಸಿಂಹಾಸನದಲ್ಲಿ ಕುಳಿತರೆಂಬ ಐತಿಹ್ಯ ಪ್ರಸಿದ್ಧವಾಗಿದ್ದು, 'ರಾಯ' ಎಂಬ ಉಪನಾಮವನ್ನು ಇದಕ್ಕೆ ಜೋಡಿಸಿ ಹೇಳುವುದುಂಟು. ಐತಿಹ್ಯವನ್ನು ಬದಿಗಿಟ್ಟರೂ ಅರಸನು ಅವರಿಗೆ ಗ್ರಾಮಗಳನ್ನು ದಾನವಾಗಿ ಕೊಟ್ಟುದಕ್ಕೆ ಶಾಸನಾಧಾರಗಳಿವೆ. ವ್ಯಾಸಸಮುದ್ರವೆಂಬ ಕೆರೆ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ. ಅಚ್ಯುತರಾಯನ ಕಾಲದಲ್ಲಿಯೂ ಅವರ ಪ್ರಭಾವ ಕುಗ್ಗಲಿಲ್ಲ.

ಅವರ ಜೀವನಕ್ಕೆ ಮುಖ್ಯ ಆಕರ ಸೋಮನಾಥ ಕವಿಯ 'ವ್ಯಾಸಯೋಗಿಚರಿತ' ಎಂಬ ಸಂಸ್ಕೃತ ಚಂಪೂಕಾವ್ಯ. ಕವಿಯು ವ್ಯಾಸತೀರ್ಥರ ಸಮಕಾಲೀನ. ಅವರ ಮತಕ್ಕೆ ಸೇರಿದವನಲ್ಲ, ಸ್ಮಾರ್ತ. ಕಳಿಂಗದಿಂದ ಬಂದ ಬಸವಭಟ್ಟನೆಂಬ ವಿದ್ವಾಂಸನೊಡನೆ ವ್ಯಾಸತೀರ್ಥರು ಮೂವತ್ತು ದಿನ ವಾದ ನಡೆಸಿ ಗೆದ್ದರೆಂದು ಈ ಕಾವ್ಯ ವರ್ಣಿಸುತ್ತದೆ. ಪ್ರಶಂಸೆಗಾಗಿ ಬರೆದ ಕಾವ್ಯವಾದುದರಿಂದ ವಿವರಗಳನ್ನು ಎಚ್ಚರದಿಂದ ಓದಬೇಕಾದರೂ, ವಿದ್ವತ್ಸಭೆಯ ವಾದಕ್ಕೆ ಆ ಕಾಲದ ರಾಜಧಾನಿಯಲ್ಲಿದ್ದ ಮಹತ್ವ ಇದರಿಂದ ತಿಳಿಯುತ್ತದೆ. ಗೆದ್ದವರಿಗೆ ಕೀರ್ತಿಯಷ್ಟೇ ಅಲ್ಲದೆ ಅವರ ಮಠಕ್ಕೆ ಆಶ್ರಯ, ಭೂಮಿ ಮತ್ತು ಶಿಷ್ಯವರ್ಗವೂ ಒದಗುತ್ತಿದ್ದವು.

ವಾದ ಮತ್ತು ಖಂಡನೆಯ ಹಿನ್ನೆಲೆ

ವ್ಯಾಸತೀರ್ಥರ ಸಾಧನೆಯನ್ನು ಅರಿಯಲು ಅವರಿಗೆ ಬಳುವಳಿಯಾಗಿ ಬಂದ ವಾದಶಾಸ್ತ್ರದ ಪರಿಚಯ ಅಗತ್ಯ. ಗೌತಮನ ನ್ಯಾಯಸೂತ್ರವು ಚರ್ಚೆಯನ್ನು ಮೂರು ವಿಧವಾಗಿ ವಿಂಗಡಿಸುತ್ತದೆ. ತತ್ತ್ವವನ್ನು ನಿರ್ಣಯಿಸಲು ನಡೆಸುವುದು ವಾದ. ಗೆಲುವನ್ನೇ ಗುರಿಯಾಗಿಟ್ಟುಕೊಂಡದ್ದು ಜಲ್ಪ. ಸ್ವಂತ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಮಾತನ್ನು ಮಾತ್ರ ಕೆಡವುವುದು ವಿತಂಡಾ. ಐದು ಹೇತ್ವಾಭಾಸಗಳನ್ನೂ 24 ಜಾತಿಗಳನ್ನೂ, ಅಂದರೆ ಪೊಳ್ಳು ಆಕ್ಷೇಪಗಳನ್ನೂ, 22 ನಿಗ್ರಹಸ್ಥಾನಗಳನ್ನೂ ಅದು ಪಟ್ಟಿಮಾಡುತ್ತದೆ. ನಿಗ್ರಹಸ್ಥಾನವೆಂದರೆ ವಾದಿಯು ಸೋತನೆಂದು ಸಭೆ ತೀರ್ಮಾನಿಸುವ ನೆಲೆ. ಎದುರಾಳಿ ಮೂರು ಬಾರಿ ಹೇಳಿದ ಮಾತನ್ನು, ಅದು ಸಭೆಗೆ ಅರ್ಥವಾಗಿದ್ದರೂ, ಮರಳಿ ಹೇಳಲಾರದೆ ನಿಲ್ಲುವುದು ಇವುಗಳಲ್ಲೊಂದು. ಅದರ ಹೆಸರು ಅನನುಭಾಷಣ. ಖಂಡಿಸಬೇಕಾದ ಮಾತನ್ನು ಮೊದಲು ಸರಿಯಾಗಿ ಅನುವಾದ ಮಾಡಬೇಕೆಂಬ ಕಟ್ಟಳೆ ಹೀಗೆ ಶಾಸ್ತ್ರದಲ್ಲಿಯೇ ಅಡಕವಾಗಿದೆ.

ಧರ್ಮಶಾಸ್ತ್ರದ ವ್ಯವಹಾರಕಾಂಡವೂ ಇದೇ ಮಾದರಿಯಲ್ಲಿ ನಡೆಯುತ್ತದೆ. ಮೊಕದ್ದಮೆಗೆ ನಾಲ್ಕು ಪಾದಗಳು: ದೂರು, ಉತ್ತರ, ಪ್ರಮಾಣ ಮತ್ತು ನಿರ್ಣಯ. ಪ್ರತಿವಾದಿಯ ಉತ್ತರವೂ ನಾಲ್ಕು ಬಗೆ: ಆರೋಪವನ್ನು ಅಲ್ಲಗಳೆಯುವುದು, ಒಪ್ಪಿಕೊಳ್ಳುವುದು, ಸಂಗತಿಯನ್ನು ಒಪ್ಪಿ ಬೇರೆ ಕಾರಣದಿಂದ ಹೊಣೆಯನ್ನು ತಪ್ಪಿಸಿಕೊಳ್ಳುವುದು, ಈ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿದೆಯೆಂದು ತೋರಿಸುವುದು. ಸಾಲ ಪಡೆದೇ ಇಲ್ಲವೆನ್ನುವುದು ಮೊದಲನೆಯ ಬಗೆಗೂ, ಪಡೆದದ್ದು ನಿಜ ಆದರೆ ತೀರಿಸಿದ್ದೇನೆ ಎನ್ನುವುದು ಮೂರನೆಯ ಬಗೆಗೂ ಉದಾಹರಣೆ. ಗೆದ್ದವನಿಗೆ ಕೊಡುವ ಪತ್ರಕ್ಕೆ ಜಯಪತ್ರವೆಂದು ಹೆಸರು. ವಿದ್ವತ್ಸಭೆಗಳಲ್ಲಿಯೂ ಇದೇ ಪದ ಬಳಕೆಯಲ್ಲಿತ್ತು.

ದ್ವೈತ ಪರಂಪರೆಯಲ್ಲಿಯೂ ಇದಕ್ಕೆ ಬುನಾದಿಯಿತ್ತು. ಮಧ್ವಾಚಾರ್ಯರು ಚರ್ಚೆಯ ನಿಯಮಗಳ ಬಗ್ಗೆ 'ಕಥಾಲಕ್ಷಣ'ವನ್ನೂ, ಅದ್ವೈತದ ನಿರಾಕರಣೆಗಾಗಿ 'ಖಂಡನತ್ರಯ'ವೆಂದು ಹೆಸರಾದ ಮೂರು ಕಿರುಕೃತಿಗಳನ್ನೂ ರಚಿಸಿದ್ದರು. ಜಯತೀರ್ಥರ 'ವಾದಾವಳಿ' ಇದನ್ನು ಮುಂದುವರಿಸಿತ್ತು. ಖಂಡನತ್ರಯಕ್ಕೆ ವ್ಯಾಸತೀರ್ಥರು 'ಮಂದಾರಮಂಜರಿ' ಎಂಬ ವ್ಯಾಖ್ಯಾನವನ್ನು ಬರೆದರು.

ನ್ಯಾಯಾಮೃತದ ಖಂಡನ ಕ್ರಮ

ನಾಲ್ಕು ಪರಿಚ್ಛೇದಗಳ 'ನ್ಯಾಯಾಮೃತ' ವ್ಯಾಸತೀರ್ಥರ ಮೇರುಕೃತಿ. ಜಗತ್ತು ಮಿಥ್ಯೆ ಎಂಬ ಅದ್ವೈತ ಸಿದ್ಧಾಂತದ ಪರಿಶೀಲನೆ ಅದರ ಮೊದಲ ಪರಿಚ್ಛೇದದ ವಸ್ತು. ಮಿಥ್ಯೆ ಎಂದರೇನು ಎಂಬ ಪ್ರಶ್ನೆಯನ್ನು ವ್ಯಾಸತೀರ್ಥರು ಮೊದಲು ಎತ್ತುತ್ತಾರೆ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧ ಮೊದಲಾದ ಅದ್ವೈತಾಚಾರ್ಯರು ಬೇರೆ ಬೇರೆ ಕಾಲಗಳಲ್ಲಿ ಕೊಟ್ಟ ಲಕ್ಷಣಗಳನ್ನು ಐದಾಗಿ ಸಂಗ್ರಹಿಸಿ ಒಂದೊಂದನ್ನೂ ಪ್ರತ್ಯೇಕವಾಗಿ ವಿಚಾರಿಸುತ್ತಾರೆ. ಅದ್ವೈತಿಗಳೇ ಅಲ್ಲಲ್ಲಿ ಚದುರಿದಂತೆ ಹೇಳಿದ್ದನ್ನು ಹೀಗೆ ಕ್ರಮಬದ್ಧವಾಗಿ ಒಂದೆಡೆ ತಂದದ್ದು ಅವರ ಎದುರಾಳಿಗಳಿಗೂ ಉಪಕಾರವಾಯಿತು.

ಆಮೇಲೆ ಹೇತುಗಳ ಸರದಿ. ಜಗತ್ತು ದೃಶ್ಯ, ಜಡ ಮತ್ತು ಪರಿಮಿತ ಆದುದರಿಂದ ಕಪ್ಪೆಚಿಪ್ಪಿನಲ್ಲಿ ತೋರುವ ಬೆಳ್ಳಿಯಂತೆ ಮಿಥ್ಯೆ ಎಂಬುದು ಅದ್ವೈತಿಗಳ ಅನುಮಾನ. ದೃಶ್ಯವೆಂದರೆ ಜ್ಞಾನಕ್ಕೆ ವಿಷಯವಾಗುವುದು ಎಂದಾದರೆ, ಉಪನಿಷದ್ವಾಕ್ಯದಿಂದ ಹುಟ್ಟುವ ಜ್ಞಾನಕ್ಕೆ ಬ್ರಹ್ಮವೂ ವಿಷಯವಾಗುತ್ತದೆ. ಆಗ ಬ್ರಹ್ಮವೂ ಮಿಥ್ಯೆಯಾಗಬೇಕು ಎಂದು ವ್ಯಾಸತೀರ್ಥರು ತೋರಿಸುತ್ತಾರೆ. ತರ್ಕದ ಪರಿಭಾಷೆಯಲ್ಲಿ ಇದು ವ್ಯಭಿಚಾರ ದೋಷ. ಅನುಮಾನವು ಪ್ರತ್ಯಕ್ಷವನ್ನು ಆಧರಿಸಿ ನಿಂತಿರುವುದರಿಂದ ತನ್ನ ಆಧಾರವನ್ನೇ ಅದು ಅಲ್ಲಗಳೆಯಲಾರದು ಎಂಬುದು ಅವರ ಮತ್ತೊಂದು ಮುಖ್ಯ ಆಕ್ಷೇಪ. ಬೆಂಕಿ ದ್ರವ್ಯವಾದುದರಿಂದ ತಣ್ಣಗಿರಬೇಕೆಂದು ಯಾರಾದರೂ ಅನುಮಾನಿಸಿದರೆ, ಮುಟ್ಟಿದ ಕೈಯೇ ಅದಕ್ಕೆ ಉತ್ತರ ಹೇಳುತ್ತದೆ.

ಇನ್ನೊಂದು ಆಕ್ಷೇಪ ಇಕ್ಕುಳದಂತಹದು. ಜಗತ್ತಿನ ಮಿಥ್ಯಾತ್ವವೆಂಬುದು ಸತ್ಯವೋ ಮಿಥ್ಯೆಯೋ? ಸತ್ಯವಾದರೆ ಬ್ರಹ್ಮದ ಜೊತೆಗೆ ಎರಡನೆಯ ಸತ್ಯವಸ್ತುವನ್ನು ಒಪ್ಪಿದಂತಾಗಿ ಅದ್ವೈತ ಉಳಿಯದು. ಮಿಥ್ಯೆಯಾದರೆ ಜಗತ್ತು ಸತ್ಯವೆಂದೇ ಆಗುತ್ತದೆ.

ಇತರ ಕೃತಿಗಳು

'ತಾತ್ಪರ್ಯಚಂದ್ರಿಕಾ' ಜಯತೀರ್ಥರ 'ತತ್ತ್ವಪ್ರಕಾಶಿಕಾ'ಕ್ಕೆ ಬರೆದ ವ್ಯಾಖ್ಯಾನ. ಬ್ರಹ್ಮಸೂತ್ರದ ಒಂದೊಂದು ಅಧಿಕರಣಕ್ಕೂ ಶಂಕರ ಮತ್ತು ರಾಮಾನುಜ ಪರಂಪರೆಗಳ ವಿವರಣೆಗಳನ್ನು ಮಧ್ವರ ವಿವರಣೆಯೊಂದಿಗೆ ತೂಗಿ ನೋಡುವುದು ಅದರ ರೀತಿ. ವ್ಯಾಸತೀರ್ಥರು ಮೊದಲ ಎರಡು ಅಧ್ಯಾಯಗಳಿಗೆ ಮಾತ್ರ ಬರೆದಿದ್ದು, ಉಳಿದ ಭಾಗವನ್ನು ಬಹುಕಾಲದ ನಂತರ ಅದೇ ಪರಂಪರೆಯ ರಘುನಾಥತೀರ್ಥರು ಪೂರೈಸಿದರು. 'ತರ್ಕತಾಂಡವ'ವು ನ್ಯಾಯದರ್ಶನದ, ಮುಖ್ಯವಾಗಿ ಗಂಗೇಶೋಪಾಧ್ಯಾಯನ 'ತತ್ತ್ವಚಿಂತಾಮಣಿ'ಯ, ಪ್ರಮಾಣವಿಚಾರವನ್ನು ಖಂಡಿಸುತ್ತದೆ. ನವ್ಯನ್ಯಾಯದ ಸೂಕ್ಷ್ಮ ಪರಿಭಾಷೆಯನ್ನು ಕರಗತ ಮಾಡಿಕೊಂಡು, ಅದೇ ಪರಿಭಾಷೆಯಲ್ಲಿ ನೈಯಾಯಿಕರನ್ನು ಎದುರಿಸಿದ್ದು ಇದರ ಹೆಗ್ಗಳಿಕೆ. 'ಭೇದೋಜ್ಜೀವನ'ವು ಭೇದದ ಸತ್ಯತ್ವವನ್ನು ಸ್ಥಾಪಿಸುವ ಚಿಕ್ಕ ಗ್ರಂಥ.

ಪ್ರತಿಖಂಡನೆಗಳ ಸರಣಿ

'ನ್ಯಾಯಾಮೃತ'ಕ್ಕೆ ಸಮರ್ಥ ಉತ್ತರ ಬಂದುದು ಬಂಗಾಳ ಮೂಲದ, ಕಾಶಿಯಲ್ಲಿ ನೆಲೆಸಿದ್ದ ಮಧುಸೂದನ ಸರಸ್ವತಿಯವರಿಂದ. ಅವರ 'ಅದ್ವೈತಸಿದ್ಧಿ'ಯು ವ್ಯಾಸತೀರ್ಥರ ಗ್ರಂಥದ ಕ್ರಮವನ್ನೇ ಅನುಸರಿಸಿ ಆಕ್ಷೇಪಗಳಿಗೆ ಒಂದೊಂದಾಗಿ ಸಮಾಧಾನ ಹೇಳುತ್ತದೆ. ಮಿಥ್ಯಾತ್ವವೂ ಮಿಥ್ಯೆಯೇ, ಆದರೂ ಅದರಿಂದ ಜಗತ್ತು ಸತ್ಯವಾಗದು ಎಂಬುದು ಮೇಲಿನ ಇಕ್ಕುಳಕ್ಕೆ ಅವರ ಉತ್ತರ. ಆನೆಯಲ್ಲಿ ಹಸುವಿನ ಧರ್ಮವೂ ಇಲ್ಲ, ಕುದುರೆಯ ಧರ್ಮವೂ ಇಲ್ಲ. ಒಂದಿಲ್ಲವೆಂದ ಮಾತ್ರಕ್ಕೆ ಇನ್ನೊಂದು ಇದೆಯೆಂದು ಆಗುವುದಿಲ್ಲ. ಹಾಗೆಯೇ ಒಂದೇ ಕಾರಣದಿಂದ ಜಗತ್ತೂ ಅದರ ಮಿಥ್ಯಾತ್ವವೂ ಎರಡೂ ನಿಷೇಧಕ್ಕೆ ಒಳಗಾಗಬಹುದೆಂದು ಅವರು ವಾದಿಸಿದರು.

ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ವ್ಯಾಸ ರಾಮಾಚಾರ್ಯರು 'ನ್ಯಾಯಾಮೃತತರಂಗಿಣಿ'ಯಲ್ಲಿ 'ಅದ್ವೈತಸಿದ್ಧಿ'ಯನ್ನು ಖಂಡಿಸಿದರು. ಅವರು ಮಧುಸೂದನರ ಬಳಿಯೇ ಶಿಷ್ಯರಾಗಿದ್ದು 'ಅದ್ವೈತಸಿದ್ಧಿ'ಯನ್ನು ಕಲಿತು, ಆಮೇಲೆ ಖಂಡನೆಗೆ ತೊಡಗಿದರೆಂಬ ಕಥೆ ಪ್ರಚಲಿತವಾಗಿದೆ. 'ತರಂಗಿಣಿ'ಗೆ ಬ್ರಹ್ಮಾನಂದ ಸರಸ್ವತಿಯವರು ಉತ್ತರ ಬರೆದರೆ, ಅವರಿಗೆ ವನಮಾಲಿ ಮಿಶ್ರರು ಪ್ರತ್ಯುತ್ತರ ನೀಡಿದರು. ವ್ಯಾಸತೀರ್ಥರ ಶಿಷ್ಯರಾದ ವಿಜಯೀಂದ್ರತೀರ್ಥರು ಕುಂಭಕೋಣದಲ್ಲಿ ನೆಲೆಸಿ ಅಪ್ಪಯ್ಯ ದೀಕ್ಷಿತರೊಡನೆ ಇದೇ ಬಗೆಯ ಗ್ರಂಥಯುದ್ಧ ನಡೆಸಿದರು.

ಈ ಸರಣಿಯಲ್ಲಿ ಯಾವ ಪಕ್ಷವೂ ಸೋಲೊಪ್ಪಲಿಲ್ಲ. ಇಂದಿಗೂ ಎರಡು ಸಂಪ್ರದಾಯಗಳ ವಿದ್ವಾಂಸರು ತಮ್ಮ ತಮ್ಮ ಗ್ರಂಥವೇ ಕೊನೆಯ ಮಾತೆಂದು ಭಾವಿಸುತ್ತಾರೆ. ಆದರೆ ಖಂಡನೆಯ ಫಲವನ್ನು ಗೆಲುವಿನಿಂದ ಮಾತ್ರ ಅಳೆಯಲಾಗದು. ಆಕ್ಷೇಪಗಳಿಗೆ ಉತ್ತರಿಸುವ ಯತ್ನದಲ್ಲಿ ಅದ್ವೈತವು ತನ್ನ ಲಕ್ಷಣಗಳನ್ನು ಪರಿಷ್ಕರಿಸಿಕೊಂಡಿತು. ದ್ವೈತವೂ ತನ್ನ ಪ್ರಮಾಣವಿಚಾರವನ್ನು ಹರಿತಗೊಳಿಸಿಕೊಂಡಿತು. 'ಅದ್ವೈತಸಿದ್ಧಿ'ಯ ಪಾಠ 'ನ್ಯಾಯಾಮೃತ'ದ ಪೂರ್ವಪಕ್ಷವನ್ನು ತಿಳಿಯದೆ ಸಾಗದು. ದರ್ಶನಶಾಸ್ತ್ರದ ಇತಿಹಾಸ ಬರೆದ ಸುರೇಂದ್ರನಾಥ ದಾಸಗುಪ್ತರು ಜಯತೀರ್ಥ ಮತ್ತು ವ್ಯಾಸತೀರ್ಥರ ತರ್ಕಕೌಶಲವನ್ನು ಭಾರತೀಯ ಚಿಂತನೆಯಲ್ಲಿ ಬಹಳ ಎತ್ತರದ ಸ್ಥಾನದಲ್ಲಿ ಇರಿಸಿದ್ದಾರೆ.

ಹರಿದಾಸ ಸಾಹಿತ್ಯ

ನವ್ಯನ್ಯಾಯದ ಪರಿಭಾಷೆ ಸಾಮಾನ್ಯ ಜನರಿಗೆ ನಿಲುಕುವಂಥದ್ದಲ್ಲ. ಅಂಥವರಿಗಾಗಿ ವ್ಯಾಸತೀರ್ಥರು 'ಸಿರಿಕೃಷ್ಣ' ಎಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದರು. ಬಾಲಕೃಷ್ಣನನ್ನು ಬೇಗ ಬಾರೆಂದು ಕರೆಯುವ, ಯಮನ್ ಕಲ್ಯಾಣಿ ರಾಗದ ಅವರ ಕೀರ್ತನೆ ಸಂಗೀತ ಕಛೇರಿಗಳಲ್ಲಿಯೂ ನೃತ್ಯ ವೇದಿಕೆಗಳಲ್ಲಿಯೂ ಜನಪ್ರಿಯವಾಗಿದೆ. ಶಾಸ್ತ್ರವ್ಯಾಸಂಗದ ಶಿಷ್ಯವರ್ಗಕ್ಕೆ ವ್ಯಾಸಕೂಟವೆಂದೂ, ಕೀರ್ತನಕಾರರ ಬಳಗಕ್ಕೆ ದಾಸಕೂಟವೆಂದೂ ಹೆಸರಾಯಿತು. ಪುರಂದರದಾಸರು ಮತ್ತು ಕನಕದಾಸರು ಅವರ ಶಿಷ್ಯರೆಂಬುದು ಸಂಪ್ರದಾಯ. ಹುಟ್ಟಿನ ಕಾರಣದಿಂದ ಕನಕದಾಸರನ್ನು ಕೀಳಾಗಿ ಕಂಡ ಇತರ ಶಿಷ್ಯರಿಗೆ ವ್ಯಾಸರಾಯರು ಬಾಳೆಹಣ್ಣಿನ ಪರೀಕ್ಷೆಯಿಂದ ಬುದ್ಧಿ ಕಲಿಸಿದ ಕಥೆ ನಾಡಿನಲ್ಲಿ ಮನೆಮಾತಾಗಿದೆ. ಯಾರೂ ಕಾಣದ ಸ್ಥಳದಲ್ಲಿ ಹಣ್ಣು ತಿಂದು ಬನ್ನಿರೆಂದಾಗ, ದೇವರಿಲ್ಲದ ಸ್ಥಳವೇ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಮರಳಿ ತಂದರಂತೆ. ತರ್ಕಗ್ರಂಥಗಳನ್ನು ಬರೆದ ಗುರುವಿನ ಕುರಿತು ಜನ ಇಂದಿಗೂ ನೆನೆಯುವುದು, ಒಂದು ಹಣ್ಣಿನಿಂದ ಪಂಡಿತರ ಆಕ್ಷೇಪವನ್ನು ನಿವಾರಿಸಿದ ಈ ಪ್ರಸಂಗವನ್ನು.

ಕೊನೆಯ ದಿನಗಳು ಮತ್ತು ಸ್ಮರಣೆ

ವ್ಯಾಸತೀರ್ಥರು 1539ರ ಫಾಲ್ಗುಣ ಬಹುಳ ಚತುರ್ಥಿಯಂದು ವಿಜಯನಗರದಲ್ಲಿ ನಿಧನರಾದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. 2019ರ ಜುಲೈ ತಿಂಗಳಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದಾಗ ಭಕ್ತರು ಮತ್ತು ಮಠಗಳವರು ಒಡನೆಯೇ ಸೇರಿ ಪುನಃ ನಿರ್ಮಿಸಿದರು. ಹಂಪಿಯ ಯಂತ್ರೋದ್ಧಾರಕ ಆಂಜನೇಯ ಅವರು ಪ್ರತಿಷ್ಠಾಪಿಸಿದ ಮೂರ್ತಿಯೆಂದು ಪ್ರತೀತಿ. ನಾಡಿನಾದ್ಯಂತ 732 ಹನುಮನ ಮೂರ್ತಿಗಳನ್ನು ಅವರು ಸ್ಥಾಪಿಸಿದರೆಂಬ ನಂಬಿಕೆಯೂ ಇದೆ. ಅವರ ಪರಂಪರೆ ಸೋಸಲೆಯ ವ್ಯಾಸರಾಜ ಮಠದ ಮೂಲಕ ಮುಂದುವರಿದಿದೆ. ದ್ವೈತ ಶಾಸ್ತ್ರದ ಉನ್ನತ ವ್ಯಾಸಂಗದಲ್ಲಿ 'ನ್ಯಾಯಾಮೃತ' ಮತ್ತು 'ಚಂದ್ರಿಕಾ' ಇಂದಿಗೂ ಪಠ್ಯಗಳಾಗಿವೆ.