ಮಗನ ಸಾವು ಕಂಡು ಹಿಮದ ಮೇಲೆ ದಾರಿ ಮಾಡಿದ ಬೊಂಬಾರ್ಡಿಯರ್

ವಿಜಯಪುರ: ಗಾಂಧಿ ಚೌಕದಿಂದ ತಿಕೋಟಾ, ಬಬಲೇಶ್ವರದ ಕಡೆ ಹೊರಟು ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಹಸಿ ಎರೆಯಲ್ಲಿ ಭಾರದ ಗಾಡಿ ಹೂತುಕೊಳ್ಳುತ್ತದೆ. ಎಂಜಿನ್ ರಭಸ ಹೆಚ್ಚಿಸಿದಷ್ಟೂ ಗಾಲಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಕೆನಡಾದ ಮೆಕ್ಯಾನಿಕ್ ಒಬ್ಬರು ಇದೇ ತೊಡಕನ್ನು ಹಿಮದಲ್ಲಿ ಎದುರಿಸಿ, ಅದನ್ನು ಬಿಡಿಸಲು ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಶ್ರಮಿಸಿದರು. ಅವರೇ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯರ್. ಗುಲ್ಮಾರ್ಗ್ ಪ್ರವಾಸಕ್ಕೆ ಹೋದ ನಮ್ಮವರು ಸ್ನೋ ಸ್ಕೂಟರ್ ಎಂದು ಏರಿ ಕುಳಿತುಕೊಳ್ಳುವ ವಾಹನಕ್ಕೆ ರೂಪ ಕೊಟ್ಟವರಲ್ಲಿ ಇವರದು ದೊಡ್ಡ ಹೆಸರು.

ಕ್ವಿಬೆಕ್ ಪ್ರಾಂತ್ಯದ ವ್ಯಾಲ್ಕೂರ್ ಎಂಬ ಹಳ್ಳಿಯಲ್ಲಿ 1907ರ ಏಪ್ರಿಲ್ 16ರಂದು ಜನಿಸಿದ ಅವರಿಗೆ ಬಾಲ್ಯದಿಂದಲೇ ಯಂತ್ರಗಳ ಗೀಳು. ಗಡಿಯಾರವಾಗಲಿ, ಎಂಜಿನ್ ಆಗಲಿ, ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. 1922ರಲ್ಲಿ, 15ನೇ ವಯಸ್ಸಿನಲ್ಲಿ, ತಂದೆ ಕೊಡಿಸಿದ ಹಳೆಯ ಫೋರ್ಡ್ ಕಾರಿನ ಎಂಜಿನ್ ಅನ್ನು ಜಾರುಬಂಡಿಗೆ ಜೋಡಿಸಿ, ಹಿಂದೆ ವಿಮಾನದಂತೆ ಪಂಖ ಕಟ್ಟಿ ಹಿಮದ ಮೇಲೆ ಓಡಿಸಿದರು. ಬಂಡಿಯೇನೋ ಓಡಿತು; ತಿರುಗುವ ಪಂಖ ಕಂಡು ಹೆದರಿದ ತಂದೆ ಅದನ್ನು ಕೂಡಲೇ ಬಿಚ್ಚಿಸಿದರು. ತಂದೆಯ ಭಯ ಸಕಾರಣವಾದುದೇ. ಪಾದ್ರಿಯಾಗಲೆಂದು ಸೇರಿಸಿದ ಶಾಲೆಯನ್ನು ತೊರೆದ ಯುವಕ 1926ರಲ್ಲಿ ಊರಿನಲ್ಲೇ ಗ್ಯಾರೇಜ್ ತೆರೆದರು.

ಬೇಸಿಗೆಯಲ್ಲಿ ಕಾರು ದುರಸ್ತಿ, ಚಳಿಗಾಲದಲ್ಲಿ ಹಿಮವಾಹನದ ಪ್ರಯೋಗ. ಒಬ್ಬಿಬ್ಬರು ಕುಳಿತುಕೊಳ್ಳುವ ಸಣ್ಣ ಬಂಡಿಯೇ ಅವರ ಮೊದಲ ಆಸೆಯಾಗಿತ್ತು. ಆದರೆ ಅಂದು ದೊರೆಯುತ್ತಿದ್ದ ಎಂಜಿನ್‌ಗಳು ವಿಪರೀತ ಭಾರವಾಗಿದ್ದವು.

1934ರ ಚಳಿಗಾಲ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಎರಡು ವರ್ಷದ ಮಗ ಇವೊನ್‌ಗೆ ಅಪೆಂಡಿಸೈಟಿಸ್ ಉಲ್ಬಣಿಸಿ, ತುರ್ತು ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಆಸ್ಪತ್ರೆ ಇದ್ದದ್ದು ಶೆರ್‌ಬ್ರೂಕ್ ನಗರದಲ್ಲಿ. ರಸ್ತೆಗಳೆಲ್ಲ ಹಿಮದಡಿ ಮುಚ್ಚಿಹೋಗಿದ್ದವು. ಹಿಮದ ಮೇಲೆ ಓಡಬೇಕಿದ್ದ ಬಂಡಿ ಗ್ಯಾರೇಜ್‌ನಲ್ಲಿ ಬಿಡಿಭಾಗಗಳಾಗಿ ಬಿದ್ದಿತ್ತು. ಮಗು ಉಳಿಯಲಿಲ್ಲ. ಊರಿನವರ ಗಾಡಿಗಳನ್ನೆಲ್ಲ ರಿಪೇರಿ ಮಾಡಿಕೊಡುತ್ತಿದ್ದ ತಂದೆಗೆ ತನ್ನ ಕೂಸನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಇರಲಿಲ್ಲ.

ಮರುವರ್ಷವೇ ಪರಿಹಾರ ರೂಪುಗೊಂಡಿತು. ರಬ್ಬರ್ ಹೊದಿಸಿದ ಹಲ್ಲಿನ ಚಕ್ರ. ಅದು ಎಳೆಯುವ, ಉಕ್ಕಿನ ಅಡ್ಡಪಟ್ಟಿಗಳಿದ್ದ ರಬ್ಬರ್ ಪಟ್ಟಿ. ವಾಹನದ ಭಾರ ನಾಲ್ಕು ಗಾಲಿಗಳ ಕೆಳಗೆ ಒತ್ತುವ ಬದಲು ಪಟ್ಟಿಯ ಉದ್ದಗಲಕ್ಕೂ ಹಂಚಿಹೋಗುವುದರಿಂದ ಹಿಮ ಕುಸಿಯುವುದಿಲ್ಲ. 1937ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಏಳು ಜನರ ಬಿ7, ಬಳಿಕ 12 ಜನರ ಬಿ12 ವಾಹನಗಳು ಬಂದವು. ಪ್ಲೈವುಡ್ ಮೈಯ ಈ ಬಂಡಿಗಳು ವೈದ್ಯರನ್ನೂ ಶಾಲಾ ಮಕ್ಕಳನ್ನೂ ಅಂಚೆಯನ್ನೂ ಹೊತ್ತು ಸಾಗಿದವು. 1942ರಲ್ಲಿ ಕಂಪನಿ ನೋಂದಣಿಯಾಯಿತು.

1948ರಲ್ಲಿ ರಸ್ತೆಗಳ ಹಿಮ ತೆಗೆಯುವುದನ್ನು ಕ್ವಿಬೆಕ್ ಸರ್ಕಾರ ಕಡ್ಡಾಯ ಮಾಡಿದಾಗ ಮಾರಾಟ ಕುಸಿಯಿತು. ಬೊಂಬಾರ್ಡಿಯರ್ ಎದೆಗುಂದದೆ ಜವುಗು ನೆಲದಲ್ಲಿ ಓಡುವ ಮಸ್ಕೆಗ್ ಟ್ರ್ಯಾಕ್ಟರ್ ತಯಾರಿಸಿದರು. ನಮ್ಮ ಎರೆ ಭೂಮಿಯ ರೈತರು ನೋಡಿದ್ದರೆ ಮೆಚ್ಚುತ್ತಿದ್ದರೇನೋ.

ಮನಸ್ಸಿನಲ್ಲಿ ಮಾತ್ರ ಆ ಸಣ್ಣ ಬಂಡಿ ಉಳಿದೇ ಇತ್ತು. ದೊಡ್ಡ ವಾಹನಕ್ಕೆ ಅಗಲವಾದ ಪಟ್ಟಿ ಹಾಕಬಹುದು. ಒಬ್ಬ ಸವಾರನ ಬಂಡಿಯಲ್ಲಿ ಪಟ್ಟಿ ಕಿರಿದು, ಹೀಗಾಗಿ ತೂಕವನ್ನೇ ಇಳಿಸಬೇಕು. 1950ರ ದಶಕದಲ್ಲಿ ಹಗುರವಾದ ಸಣ್ಣ ಎಂಜಿನ್‌ಗಳು ಮಾರುಕಟ್ಟೆಗೆ ಬಂದವು. ಇನ್ನೊಬ್ಬ ಮಗ ಜರ್ಮೇನ್ ಒಂದೇ ತುಂಡಿನ ರಬ್ಬರ್ ಪಟ್ಟಿ ಸಿದ್ಧಪಡಿಸಿದರು. 1959ರಲ್ಲಿ ಸ್ಕೀ-ಡೂ ಮಾರಾಟಕ್ಕೆ ಬಂತು. ಅದರ ಮೊದಲ ಮಾದರಿಗಳಲ್ಲೊಂದು ಸೇರಿದ್ದು ಒಂಟಾರಿಯೊದ ಉತ್ತರ ಭಾಗದಲ್ಲಿ ಮೂಲನಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿ ಮೊರಿಸ್ ವಿಮೆ ಅವರ ಕೈಗೆ. ನಾಯಿಗಳು ಎಳೆಯುವ ಬಂಡಿಯನ್ನೇ ನಂಬಿದ್ದ ಪ್ರದೇಶವದು.

1960ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ರೋಟಾಕ್ಸ್ ಟೂ ಸ್ಟ್ರೋಕ್ ಎಂಜಿನ್ ಅಳವಡಿಸಲಾಯಿತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಓಡಿಸಿದವರಿಗೆ ಆ ಬಗೆಯ ಎಂಜಿನ್‌ನ ಸದ್ದು ಅಪರಿಚಿತವಲ್ಲ. ಬಿಡಿಭಾಗ ಕಡಿಮೆ, ತೂಕವೂ ಕಡಿಮೆ. ಇಂದು ಹಿಮವಾಹನದ ಸವಾರರು ಅಲ್ಯೂಮಿನಿಯಂ ಚಾಸಿ, ಲಿಥಿಯಂ ಬ್ಯಾಟರಿ, ಹಗುರ ಸೈಲೆನ್ಸರ್ ಎಂದು ಒಂದೊಂದು ಕಿಲೋ ಇಳಿಸಲು ಹಣ ಸುರಿಯುತ್ತಾರೆ. ಬಹುಪಾಲು ಮೋಜಿಗಾಗಿ.

ಆ ಮೋಜಿನ ಭರಾಟೆಯನ್ನು ಬೊಂಬಾರ್ಡಿಯರ್ ಪೂರ್ತಿಯಾಗಿ ಕಾಣಲಿಲ್ಲ. ಕ್ಯಾನ್ಸರ್‌ನಿಂದ 1964ರ ಫೆಬ್ರುವರಿ 18ರಂದು, 56ನೇ ವಯಸ್ಸಿನಲ್ಲಿ ನಿಧನರಾದರು. ಕಂಪನಿ ಮುಂದೆ ವಿಮಾನ, ರೈಲುಗಳ ತಯಾರಿಕೆಗೂ ಇಳಿಯಿತು. ದೆಹಲಿ ಮೆಟ್ರೊದ ಅನೇಕ ಬೋಗಿಗಳು ಅದರವೇ. ಅವರು 1926ರಲ್ಲಿ ತೆರೆದ ಗ್ಯಾರೇಜ್ ಈಗ ವ್ಯಾಲ್ಕೂರ್‌ನ ವಸ್ತುಸಂಗ್ರಹಾಲಯದಲ್ಲಿದೆ.