ಹೆಂಡ ಮುಟ್ಟದ ಕವಿ ಕಟ್ಟಿದ ಹೆಂಡದಂಗಡಿಯ ಹಾಡು: ಜಿ.ಪಿ. ರಾಜರತ್ನಂ

ಸುಗಮ ಸಂಗೀತದ ವೇದಿಕೆಯಲ್ಲಿ ‘ರತ್ನನ ಪದಗಳು’ ಆರಂಭವಾದರೆ ಸಭೆ ತಾನಾಗಿಯೇ ತಾಳ ಹಾಕುತ್ತದೆ. ಹೆಂಡದಂಗಡಿಯನ್ನು ಕಣ್ಣಿನಿಂದಲೂ ನೋಡದ ನಗರವಾಸಿಗಳು, ಹಳೆಯ ಮೈಸೂರು ಸೀಮೆಯ ಕುಡುಕರು ಹಿಂದೆ ಹೀಗೆಯೇ ಹಾಡುತ್ತಿದ್ದರೆಂದು ನಂಬುತ್ತಾರೆ. ಆದರೆ ಈ ಪದಗಳನ್ನು ಬರೆದವರು ಮದ್ಯ ಮುಟ್ಟದ ಪಂಡಿತರು. ರಾಗ ಹಾಕಿದವರು ದಶಕಗಳ ನಂತರದ ಗಾಯಕರು. ಹಾಗಿದ್ದರೆ ಇವುಗಳಲ್ಲಿ ಅಸಲಿ ಯಾವುದು? ಉತ್ತರವು ಜಿ.ಪಿ. ರಾಜರತ್ನಂ ಅವರ ಬದುಕಿನಲ್ಲಿದೆ.

ಗುಂಡ್ಲುಪೇಟೆ ಪಂಡಿತ ರಾಜರತ್ನಂ ಅವರದು ತಮಿಳುನಾಡು ಮೂಲದ ಮನೆತನ. ಗುಂಡ್ಲುಪೇಟೆಯಲ್ಲಿ ನೆಲೆಸಿ ಆ ಊರನ್ನೇ ಹೆಸರಿನೊಂದಿಗೆ ಸೇರಿಸಿಕೊಂಡಿತು. ಮೈಸೂರಿನಿಂದ ಗುಂಡ್ಲುಪೇಟೆಗೆ ಹೋಗುವ ಹಾದಿ ನಂಜನಗೂಡಿನಲ್ಲಿ ಕಪಿಲೆಯನ್ನು ದಾಟುತ್ತದೆ. ಅದೇ ಕಪಿಲೆ ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಈ ಮೂರೂ ತಾಲ್ಲೂಕುಗಳು ಮೈಸೂರು ಜಿಲ್ಲೆಯಲ್ಲೇ ಇದ್ದವು. ಹಕಾರವನ್ನು ಬಿಟ್ಟು, ಸ್ವರಗಳನ್ನು ನುಂಗಿ, ಪದಕ್ಕೆ ಪದ ಬೆಸೆದು ಆಡುವ ಮಾತು ಈ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ರತ್ನನ ನಾಲಿಗೆ ಇಂಥ ಮಾತಿನದೇ.

ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ರಾಜರತ್ನಂ ಅವರಿಗೆ ಕೂಡಲೇ ನೆಲೆಯಾದ ಉದ್ಯೋಗ ದೊರೆಯಲಿಲ್ಲ. ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಆ ಮಕ್ಕಳಿಗಾಗಿ ‘ತುತ್ತೂರಿ’ಯಂತಹ ಪದ್ಯಗಳನ್ನು ಬರೆದರು. 1930ರ ದಶಕದ ಆರಂಭದ ಆ ಕಷ್ಟದ ದಿನಗಳಲ್ಲಿಯೇ ಎಂಡ್ಕುಡ್ಕ ರತ್ನ ಹುಟ್ಟಿದ. ಮುಂದೆ ಅವರು ಕಾಲೇಜು ಅಧ್ಯಾಪಕರಾದರು, ಪಾಳಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು, ಜೈನ ಸಾಹಿತ್ಯದಲ್ಲೂ ದುಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಬರೆಯಿಸಿ ಪುಸ್ತಕ ಹೊರತಂದ ಮೇಷ್ಟ್ರೆಂದು ಹೆಸರಾದರು.

ರತ್ನ ಬಡ ಕೂಲಿಯವನು. ಅವನಿಗಿರುವುದು ಹೆಂಡತಿ ಪುಟ್ನಂಜಿ, ಸಂಜೆಯ ಹೆಂಡ ಮತ್ತು ಕನ್ನಡದ ಮಾತು. ದೇವರು ಪ್ರತ್ಯಕ್ಷನಾಗಿ ಬಿಡೆಂದರೆ ಹೆಂಡವನ್ನೂ ಹೆಂಡತಿಯನ್ನೂ ಬಿಡಲು ಒಪ್ಪುವ ಅವನು, ಕನ್ನಡವನ್ನು ಬಿಡೆಂದರೆ ದೇವರ ಮೇಲೆಯೇ ತಿರುಗಿ ಬೀಳುತ್ತಾನೆ. ಹೆಂಡದಂಗಡಿಯ ನಿಜವಾದ ಗಿರಾಕಿ ಇಂಥ ಪರೀಕ್ಷೆಯನ್ನು ಕಲ್ಪಿಸಿಕೊಳ್ಳುತ್ತಿದ್ದನೇ ಎಂಬುದು ಅನುಮಾನ. ಅದು ಕನ್ನಡ ಏಕೀಕರಣದ ಕನಸು ಕಾಣುತ್ತಿದ್ದ ಕಾಲದ ವಿದ್ಯಾವಂತನ ಆಶಯ. ಭಾವ ಪಂಡಿತನದು, ನಾಲಿಗೆ ಕೂಲಿಯವನದು.

ಇಂದು ಕಿವಿಗೆ ಬೀಳುವ ರಾಗಗಳು ಇನ್ನೂ ಈಚಿನವು. ಅವುಗಳಿಗೆ ಜನಪ್ರಿಯ ರೂಪ ಕೊಟ್ಟವರು ಸುಗಮ ಸಂಗೀತದ ಹಿರಿಯ ಗಾಯಕ ಮೈಸೂರು ಅನಂತಸ್ವಾಮಿ. 1936ರಲ್ಲಿ ಜನಿಸಿದ ಅವರು, ರತ್ನ ಹುಟ್ಟಿದಾಗ ಇನ್ನೂ ಹುಟ್ಟಿರಲಿಲ್ಲ. 1995ರಲ್ಲಿ ಅವರು ತೀರಿಕೊಂಡ ಬಳಿಕ ಪುತ್ರ ರಾಜು ಅನಂತಸ್ವಾಮಿ ಆ ಹಾಡುಗಳನ್ನು ಮುಂದುವರಿಸಿದರು. ಅವರೂ 2009ರಲ್ಲಿ ನಿಧನರಾದರು. ಹಾರ್ಮೋನಿಯಂ, ತಬಲಾಗಳ ಈ ಹಾಡುಗಾರಿಕೆ ಸಭಾಂಗಣದ್ದೇ ಹೊರತು ಈಚಲು ತೋಪಿನದಲ್ಲ.

ಇಂಥ ಗೊಂದಲ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಯೂರೋಪಿನ ಮಧ್ಯಯುಗದ ಕುಡಿತದ ಹಾಡುಗಳೆಂದರೆ ಹಲವರಿಗೆ ನೆನಪಾಗುವುದು ‘ಕಾರ್ಮಿನಾ ಬುರಾನಾ’. ಆ ಪದ್ಯಗಳ ಹಸ್ತಪ್ರತಿ 13ನೇ ಶತಮಾನದ್ದು. ಆದರೆ ಪ್ರಸಿದ್ಧವಾದ ಸಂಗೀತ ಜರ್ಮನಿಯ ಕಾರ್ಲ್ ಓರ್ಫ್ ಅವರ ಸ್ವಂತ ರಚನೆ. ಅದು ಮೊದಲು ಪ್ರದರ್ಶನ ಕಂಡದ್ದು 1937ರಲ್ಲಿ, ರತ್ನನ ಪದಗಳ ದಶಕದಲ್ಲೇ.

ಹಾಗೆಂದು ಈ ಸೀಮೆಯಲ್ಲಿ ಹೆಂಡದ ಹಳೆಯ ಹಾಡು ಇರಲಿಲ್ಲವೆಂದಲ್ಲ. ನಂಜನಗೂಡು, ತಿ. ನರಸೀಪುರ, ಕೊಳ್ಳೇಗಾಲ, ಮಳವಳ್ಳಿ ಭಾಗಗಳ ನೀಲಗಾರರು ದೀಕ್ಷೆ ಪಡೆದು, ತಂಬೂರಿ ಮೀಟಿ, ಗಗ್ಗರ ನುಡಿಸುತ್ತ ಮಂಟೇಸ್ವಾಮಿ ಕಾವ್ಯವನ್ನು ಇರುಳಿಡೀ ಹಾಡುತ್ತ ಬಂದಿದ್ದಾರೆ. ಹೆಂಡ ಮತ್ತು ಮಾಂಸ ಹೊತ್ತು ಬಸವಣ್ಣನ ಕಲ್ಯಾಣಕ್ಕೆ ಬರುವ ಮಂಟೇಸ್ವಾಮಿ ಅಲ್ಲಿನ ಶರಣರ ಭಕ್ತಿಯನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ಅಲ್ಲಿ ಹೆಂಡವು ವಿನೋದದ ವಸ್ತುವಲ್ಲ, ಮಡಿಯನ್ನು ಪ್ರಶ್ನಿಸುವ ಆಯುಧ. ಈ ಹಾಡಿಗೆ ಒಬ್ಬ ಕವಿಯ ಹೆಸರಿಲ್ಲ. ಅದು ಬಾಯಿಂದ ಬಾಯಿಗೆ ಸಾಗಿ ಬಂದಿದೆ.

ಎರಡನ್ನೂ ಒಂದೇ ಎಂದು ಬಗೆದರೆ ನಷ್ಟವಾಗುವುದು ನೀಲಗಾರರಿಗೆ. ನಗರದ ಕಿವಿ ರತ್ನನನ್ನೇ ಹಳ್ಳಿಯ ಹಾಡೆಂದು ಸ್ವೀಕರಿಸಿ ತೃಪ್ತವಾದರೆ, ಹಳ್ಳಿಯಲ್ಲಿ ಉಳಿದಿರುವ ಹಾಡನ್ನು ಹುಡುಕಿಕೊಂಡು ಹೋಗುವವರಿರುವುದಿಲ್ಲ. ರಾಜರತ್ನಂ ಅವರಿಗೂ ಅದರಿಂದ ಅನ್ಯಾಯವೇ. ಅವರು ಜನಪದ ಗೀತೆಗಳನ್ನು ಸಂಗ್ರಹಿಸಿದವರಲ್ಲ. ಪಂಡಿತರು ಅಶುದ್ಧವೆಂದು ಬದಿಗಿಟ್ಟಿದ್ದ ಮಾತಿನಲ್ಲಿ ಕಾವ್ಯ ಕಟ್ಟಬಹುದೆಂದು ತೋರಿದ ಕವಿ.

1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ರಾಜರತ್ನಂ ಅವರಿಗೆ ದೊರೆಯಿತು. ಮರುವರ್ಷವೇ ಅವರು ನಿಧನರಾದರು. ಅವರ ಪಾಳಿ ಅನುವಾದಗಳನ್ನು ಓದುವವರು ಇಂದು ವಿರಳ. ಕುಡುಕ ರತ್ನ ಮಾತ್ರ ಉಳಿದಿದ್ದಾನೆ. ಅವನ ಹೆಂಡ ಕಲ್ಪಿತ, ರಾಗ ಹೊಸದು. ಕಪಿಲೆಯ ದಂಡೆಯ ಹಳ್ಳಿಗನೂ ತನ್ನದೆಂದು ಗುರುತಿಸಬಲ್ಲ ಆ ನುಡಿಯೊಂದು ಅಸಲಿ.